ಹರಳೆಣ್ಣೆ ಹಚ್ಚಿದ ಮಂಗಳವಾರ

ಅಕ್ಕನ ಕೂಸು ಉಸಿರಾಡಲು ಎಷ್ಟು ದುಡಿಯುತ್ತಿದೆ ಎಂಬುದನ್ನು ಪ್ರತಿ ಮಂಗಳವಾರ ಅಳೆಯುತ್ತಿದ್ದರು. ಪಕ್ಕೆಲುಬಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು, ಎದೆಯ ನಡುವೆ ಇನ್ನೊಂದು, ಹೀಗೆ ಕುಂಕುಮದ ಬೊಟ್ಟಿಗಿಂತ ಸ್ವಲ್ಪ ದೊಡ್ಡದಾದ ಮೂರು ಸ್ಟಿಕ್ಕರು. ಒಂದೊಂದರಿಂದಲೂ ಹೊರಟ ತಂತಿ ಒಂದು ಡಬ್ಬಿಗೆ ಹೋಗಿ ಅಲ್ಲಿಂದ ಕಂಪ್ಯೂಟರಿಗೆ ಸೇರುತ್ತಿತ್ತು. ಪರದೆಯ ಮೇಲೆ ಒಂದು ಹಸಿರು ಗೆರೆ. ಕೂಸು ಉಸಿರು ಎಳೆದುಕೊಂಡಾಗಲೆಲ್ಲ ಗೆರೆ ಜಾಲಿಮುಳ್ಳಿನ ಹಾಗೆ ಎದ್ದು ನಿಲ್ಲುತ್ತಿತ್ತು, ಬಿಟ್ಟಾಗ ಮಲಗುತ್ತಿತ್ತು. ಹತ್ತು ನಿಮಿಷ ಕಳೆದ ಮೇಲೆ ಮೂಲೆಯಲ್ಲಿ ಒಂದು ಅಂಕಿ ಮೂಡುತ್ತಿತ್ತು. ಅಂಕಿ ದೊಡ್ಡದಾದರೆ ಕೂಸು ಹೆಚ್ಚು ದುಡಿಯುತ್ತಿದೆ ಎಂದು ಅರ್ಥ. ಚಿಕ್ಕದಾದರೆ ಸುಧಾರಿಸುತ್ತಿದೆ ಎಂದು.

ಅಕ್ಕನಿಗೆ ಆ ಗೆರೆ ನೋಡಲು ಆಗುತ್ತಿರಲಿಲ್ಲ. ಒಳಲೆಯಲ್ಲಿ ಹಾಲು ಕುಡಿಸಿ, ಕೂಸು ನಿದ್ದೆಹೋದ ಕೂಡಲೇ, ನೀನೇ ಇರು ರಂಜಿ ಎಂದು ಹೊರಗೆ ಹೋಗಿಬಿಡುತ್ತಿದ್ದಳು. ಹಾಗಾಗಿ ಅಂಕಿ ಬರುವವರೆಗಿನ ಆ ಹತ್ತು ನಿಮಿಷ ನನ್ನ ಪಾಲಿನದು. ತೊಟ್ಟಿಲಿನ ಕಬ್ಬಿಣದ ಸರಳು ಹಿಡಿದುಕೊಂಡು ನಿಂತಿರುತ್ತಿದ್ದೆ. ಮನೆಯವರೆಲ್ಲ ಆಮೇಲೆ ಕೇಳುವುದು ನನ್ನನ್ನೇ, ನಾನು ಹೇಳಬೇಕಾದದ್ದು ಒಂದೇ ಒಂದು ಅಂಕಿ ಎಂಬುದು ನನಗೆ ಸಮಾಧಾನದ ವಿಷಯವಾಗಿತ್ತು. ಅಂಕಿ ಹೇಳುವುದಕ್ಕೆ ಹೆಚ್ಚು ಮಾತು ಬೇಕಿಲ್ಲ.

ಮಾತು ನನಗೆ ಮೊದಲಿನಿಂದಲೂ ಕಷ್ಟ. ಬಿ.ಎಸ್ಸಿ. ಕೊನೆಯ ವರ್ಷದ ವೈವಾದಲ್ಲಿ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಕೇಳಿದಾಗ ಉತ್ತರ ಗೊತ್ತಿದ್ದೂ ಬಾಯಿ ಬಾರದೆ ಮೂರು ಬೆರಳು ತೋರಿಸಿದವಳು ನಾನು. ಡಿಗ್ರಿ ಮುಗಿದು ಒಂದು ವರ್ಷ ಕಿಕ್ಕೇರಿ ಹತ್ತಿರದ ನಮ್ಮೂರಲ್ಲಿ ಮನೆಯಲ್ಲೇ ಇದ್ದೆ. ಹೇಳಲಾಗದ್ದನ್ನು ಡೈರಿಯಲ್ಲಿ ಬರೆದುಕೊಳ್ಳುವುದು ಅಭ್ಯಾಸವಾಗಿತ್ತು. ಅಕ್ಕನಿಗೆ ಏಳು ತಿಂಗಳಿಗೆ ಬಿದ್ದ ಹೊಸದರಲ್ಲೇ ನೋವು ಬಂದು, ಒಂದು ಕೇಜಿ ನೂರು ಗ್ರಾಮಿನ ಗಂಡುಕೂಸು ಹುಟ್ಟಿದಾಗ ಆಸ್ಪತ್ರೆಯಲ್ಲಿ ಇರಲು ಬಿಡುವಿದ್ದವಳು ನಾನೊಬ್ಬಳೇ. ನಮ್ಮ ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ನಮ್ಮನ್ನು ಸಾಕಿದ್ದು ಅಪ್ಪನ ತಾಯಿ, ಚಿಕ್ಕಬೋರಮ್ಮಜ್ಜಿ.

ಇದು ತೊಂಬತ್ತೇಳನೇ ಇಸವಿಯ ಮಾತು. ಮೊದಲು ಮೈಸೂರಿನಲ್ಲಿ ಇಪ್ಪತ್ತಮೂರು ದಿನ ಕೂಸಿನ ಗಂಟಲಿಗೆ ನಳಿಗೆ ಹಾಕಿ ಯಂತ್ರದಿಂದ ಉಸಿರು ಕೊಟ್ಟರು. ಯಂತ್ರದ ಗಾಳಿಯಿಂದ ಕೂಸು ಉಳಿಯಿತು, ಅದೇ ಗಾಳಿಯಿಂದ ಎಳೆಯ ಶ್ವಾಸಕೋಶ ಸುಲಭವಾಗಿ ಹಿಗ್ಗದಷ್ಟು ಗಟ್ಟಿಯೂ ಆಯಿತು. ಆಮೇಲೆ ಶ್ರೀರಂಗಪಟ್ಟಣದ ಈ ಮಕ್ಕಳ ಆಸ್ಪತ್ರೆಗೆ ಬಂದೆವು. ಇಲ್ಲಿನ ಡಾಕ್ಟರ್ ಶಿವಶಂಕರ್ ಇಂಥ ಕೂಸುಗಳನ್ನೇ ನೋಡುವವರು. ಪಕ್ಕೆಗೆ ಸ್ಟಿಕ್ಕರು ಅಂಟಿಸಿ ಅಳೆಯುವ ಯಂತ್ರ ಅವರದೇ. ಮೊದಲ ದಿನ ಅವರು ನನಗೂ ಅಕ್ಕನಿಗೂ ಬಿಡಿಸಿ ಹೇಳಿದ್ದರು. ತೆಳು ಬಲೂನು ಊದುವುದು ಸುಲಭ, ದಪ್ಪ ಬಲೂನು ಊದಿದರೆ ಕೆನ್ನೆ ನೋಯುತ್ತದೆ. ಈ ಕೂಸಿನ ಎದೆಯಲ್ಲಿರುವುದು ದಪ್ಪ ಬಲೂನು. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯು ಅದನ್ನು ಎಳೆದೆಳೆದು ಹಿಗ್ಗಿಸಬೇಕು. ಹಾಗೆ ದುಡಿಯುವಾಗ ಆ ಸ್ನಾಯುವಿನಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನೇ ಸ್ಟಿಕ್ಕರು ಚರ್ಮದ ಮೇಲಿಂದ ಹಿಡಿಯುತ್ತದೆ. ಹೈಸ್ಕೂಲಿನ ಪುಸ್ತಕದಲ್ಲಿ ಆ ಸ್ನಾಯುವಿಗೆ ವಪೆ ಎಂಬ ಹೆಸರಿತ್ತು. ಪರೀಕ್ಷೆಗೆ ಬರೆದು ಮರೆತಿದ್ದ ಆ ಎರಡಕ್ಷರ ಈಗ ಕೂಸಿನ ಹೊಟ್ಟೆಯ ಮೇಲ್ಭಾಗದಲ್ಲಿ ನನ್ನ ಕಣ್ಣೆದುರೇ ಒಳಕ್ಕೆ ಜಗ್ಗುತ್ತಿತ್ತು.

ಕೂಸಿನ ಕಾಲುಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಹಾಕಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುತ್ತಿದ್ದರು. ತೊಂಬತ್ತರ ಮೇಲಿದ್ದರೆ ನರ್ಸುಗಳಿಗೆ ನೆಮ್ಮದಿ. ಡಾಕ್ಟರು ಮಾತ್ರ ಅದನ್ನು ಪೂರ್ತಿ ನಂಬುತ್ತಿರಲಿಲ್ಲ. "ಆ ದೀಪ ಕೂಸಿಗೆ ಎಷ್ಟು ಸಿಕ್ತು ಅಂತ ಹೇಳುತ್ತೆ ಅಷ್ಟೆ. ಅಷ್ಟು ಸಿಗೋದಕ್ಕೆ ಎಷ್ಟು ದುಡೀತು ಅಂತ ಹೇಳಲ್ಲ. ದುಡಿದೂ ದುಡಿದೂ ಒಂದು ದಿನ ಸಾಕಾಗಿಬಿಡುತ್ತೆ ಇವಕ್ಕೆ."

ಸಾಕಾಗುವುದು ಎಂದರೆ ಏನೆಂದು ನಾನು ನೋಡಿಬಿಟ್ಟಿದ್ದೆ. ನಮ್ಮ ಪಕ್ಕದ ತೊಟ್ಟಿಲಿನಲ್ಲಿ ನಾಗಮಂಗಲದ ಕಡೆಯ ಒಂದು ಹೆಣ್ಣುಕೂಸು ಇತ್ತು. ಒಳ್ಳೆಯ ದಿನ ಇದೆ, ಮನೆತುಂಬಿಸಿಕೊಳ್ಳಬೇಕು ಎಂದು ಅವರ ಕಡೆಯವರು ಡಾಕ್ಟರು ಬೇಡವೆಂದರೂ ಕೇಳದೆ ರುಜು ಹಾಕಿ ಕರೆದುಕೊಂಡು ಹೋದರು. ಹೋಗುವಾಗ ಕೆಂಪು ದೀಪ ತೊಂಬತ್ತಮೂರು ತೋರಿಸುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಂಬಾಸಿಡರ್ ಕಾರಿನಲ್ಲಿ ತಿರುಗಿ ತಂದರು. ಕೂಸು ಅಳುತ್ತಿರಲಿಲ್ಲ, ಒದ್ದಾಡುತ್ತಲೂ ಇರಲಿಲ್ಲ. ಬಹಳ ದೂರ ನಡೆದು ಬಂದವರು ಜಗುಲಿಯ ಮೇಲೆ ಕೂತುಬಿಡುತ್ತಾರಲ್ಲ, ಹಾಗೆ ಎರಡು ಉಸಿರಿನ ನಡುವೆ ನಿಂತುಬಿಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಅದರ ಅಜ್ಜಿ ಮಾದಮ್ಮ ಸಂಜೆಯವರೆಗೂ ವರಾಂಡದಲ್ಲಿ ಕೂತು ಒಂದು ಬಿಳಿ ಬಟ್ಟೆಯನ್ನು ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ ಇದ್ದಳು.

ಅಂದಿನಿಂದ ನಾನು ನಮ್ಮ ಕೂಸಿನ ಉಸಿರನ್ನು ಎಣಿಸಲು ಶುರುಮಾಡಿದೆ. ಗಡಿಯಾರ ನೋಡಿಕೊಂಡು ಒಂದು ನಿಮಿಷಕ್ಕೆ ಎಷ್ಟು ಸಲ ಹೊಟ್ಟೆ ಏಳುತ್ತದೆ ಎಂದು ಎಣಿಸಿ, ಡೈರಿಯಲ್ಲಿ ಗಂಟೆಗೊಂದು ಸಲ ಬರೆಯುವುದು. ಐವತ್ತೆಂಟು. ಅರವತ್ತು. ಐವತ್ತೇಳು. ಮೂಗಿಗೆ ಅಂಟಿಸಿದ್ದ ಆಕ್ಸಿಜನ್ನಿನ ಸಣ್ಣ ಕೊಳವೆ ಸಿಲಿಂಡರಿನ ಬಳಿಯ ಒಂದು ನೀರಿನ ಬಾಟಲಿಯ ಮೂಲಕ ಬರುತ್ತಿತ್ತು. ಆ ನೀರು ಹಗಲೂ ರಾತ್ರಿ ಗುಳುಗುಳು ಎನ್ನುತ್ತಿತ್ತು. ಎಣಿಸುವಾಗ ಅದೇ ನನಗೆ ತಾಳ.

ಸೋಮವಾರ ಅಜ್ಜಿ ಬಂದಳು. ಕಿಕ್ಕೇರಿಯಿಂದ ಕೆ.ಆರ್. ಪೇಟೆಗೆ, ಅಲ್ಲಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ, ಎರಡು ಬಸ್ಸು ಹಿಡಿದು. ನಮ್ಮೂರಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕುವವಳು ಅಜ್ಜಿ. ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮೂಗು ತೀಡಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ತೋರಿಸಿ ಕೊಟ್ಟರೆ ಅದು ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಅವಳ ಕಾಲ ಮೇಲೆ ಮಲಗದ ಕೂಸು ಊರಿನಲ್ಲಿ ಇಲ್ಲ. ಅವಳದೇ ಮರಿಮಗ ಹುಟ್ಟಿ ಎರಡೂವರೆ ತಿಂಗಳಾದರೂ ಅವಳ ಕೈ ತಾಗಿರಲಿಲ್ಲ. ಇಲ್ಲಿ ತಾಯಿಯನ್ನು ಬಿಟ್ಟರೆ ಒಬ್ಬರಿಗೆ ಮಾತ್ರ ಒಳಗೆ ಪ್ರವೇಶ, ಆ ಒಬ್ಬಳು ನಾನು. ಅಜ್ಜಿ ಕಾರಿಡಾರಿನ ಗಾಜಿನ ಆಚೆ ನಿಂತು, ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು. ಅವಳ ಉಸಿರಿಗೆ ಗಾಜು ಮಂಜಾಗುತ್ತಿತ್ತು. ಸೆರಗಿನಿಂದ ಒರೆಸಿ ಮತ್ತೆ ನೋಡುತ್ತಿದ್ದಳು.

ಹೊರಗೆ ಬೇವಿನ ಮರದ ಕೆಳಗೆ ನನ್ನನ್ನು ಕೂರಿಸಿಕೊಂಡು ಮಡಿಲಿನಿಂದ ಒಂದು ಪುಟ್ಟ ಸೀಸೆ ತೆಗೆದಳು. ಮನೆಯಲ್ಲೇ ಕಾಸಿದ ಹರಳೆಣ್ಣೆ.

"ಅಳ್ಳೆ ಎಂಗೆ ಒಡ್ಕತಾವೆ ನೋಡಿದ್ಯಾ ಮಗ. ಒಂಚೂರು ಬೆಚ್ಚಗೆ ಮಾಡ್ಕಂಡು ಎರಡೂ ಪಕ್ಕೆಗೆ ಸವರ್ಬುಡು. ನನ್ನಂತೂ ಒಳಿಕ್ಕೆ ಬುಡಕಿಲ್ಲ. ನಿನ್ ಕೈಯಾದ್ರೂ ಓಯ್ತದಲ್ಲ."

ಡಾಕ್ಟರಿಗೆ ಒಂದು ಮಾತು ಕೇಳೋಣ ಎಂದೆ. ಹಾಗೆ ಅಂದೆನೋ, ಅನ್ನಬೇಕೆಂದುಕೊಂಡೆನೋ, ಈಗ ಖಚಿತವಿಲ್ಲ. ಅಜ್ಜಿಯ ಕಣ್ಣಿನ ಕೆಳಗಿನ ಚರ್ಮ ನಡುಗುತ್ತಿತ್ತು. ಸೀಸೆ ತೆಗೆದುಕೊಂಡೆ. ಅವಳು ಆ ಸಂಜೆ ಪಾಂಡವಪುರದ ಹತ್ತಿರದ ಅಕ್ಕನ ಗಂಡನ ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ನರ್ಸು ತಿಂಡಿಗೆ ಹೋದಾಗ ಸೀಸೆಯನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ ತೆಗೆದು, ಕಿರುಬೆರಳಿನಿಂದ ಪಕ್ಕೆಲುಬುಗಳ ಕೆಳಗೆ ಸವರಿದೆ. ಎಡಕ್ಕೆ, ಆಮೇಲೆ ಬಲಕ್ಕೆ. ಎದೆಯ ನಡುವೆಯೂ ಸ್ವಲ್ಪ. ಎಣ್ಣೆ ಚರ್ಮದೊಳಗೆ ಇಳಿಯುವವರೆಗೂ ಮೆಲ್ಲನೆ ತೀಡಿದೆ. ಕೂಸು ಕಣ್ಣು ಬಿಟ್ಟು ಎಲ್ಲೋ ನೋಡಿತು. ಅದು ಮಂಗಳವಾರ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಜ್ಜಿಗೆ ಕೊಟ್ಟ ಮಾತು ತೀರಿತು ಎಂಬುದಷ್ಟೇ ತಲೆಯಲ್ಲಿತ್ತು.

ಹತ್ತು ಗಂಟೆಗೆ ಧರ್ಮೇಂದ್ರ ಡಬ್ಬಿ, ತಂತಿ ತಳ್ಳಿಕೊಂಡು ಬಂದ. ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್ ಅವನು. ಮೊದಲ ವಾರ ಸ್ಪಿರಿಟ್ಟಿನಲ್ಲಿ ಒರೆಸಿದ್ದಕ್ಕೆ ಕೂಸಿನ ಚರ್ಮ ಬೆಂದ ಹಾಗೆ ಕೆಂಪಾಗಿತ್ತು. ಅಲ್ಲಿಂದೀಚೆಗೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಲ್ಲಷ್ಟೇ ಒರೆಸುತ್ತಿದ್ದ. ಅಂದೂ ಒರೆಸಿ ಸ್ಟಿಕ್ಕರು ಅಂಟಿಸಿದ. ಜಾರಿತು. ಇನ್ನೊಂದು ತೆಗೆದ, ಅದೂ ಜಾರಿತು. ಈ ಸಲ ಬಂದಿರೋ ಮಾಲೇ ಸರಿಯಿಲ್ಲ, ಬಸ್ಸಿನ ಟಿಕೀಟು ಇದಕ್ಕಿಂತ ಚೆನ್ನಾಗಿ ಅಂಟುತ್ತದೆ ಎಂದು ಗೊಣಗಿ, ಮೇಲೊಂದು ಟೇಪು ಎಳೆದ. ಆಗ ನನಗೆ ಗೊತ್ತಾಯಿತು. ಎಣ್ಣೆ ಹಚ್ಚಿದ್ದೇನೆ ಎಂದು ಹೇಳಬೇಕಾದದ್ದು ಆಗಲೇ. ನನ್ನ ಕೈ ಸರಳು ಹಿಡಿದುಕೊಂಡೇ ಇತ್ತು. ಧರ್ಮೇಂದ್ರ ಬೆನ್ನು ತಿರುಗಿಸಿ ಗುಂಡಿ ಒತ್ತಿದ.

ಗೆರೆ ಏಳಲಿಲ್ಲ. ಎದ್ದರೂ ಹುಲ್ಲಿನ ಗರಿಯಷ್ಟು. ಹೋದ ವಾರ ಹದಿನಾಲ್ಕು ಬಂದಿದ್ದ ಜಾಗದಲ್ಲಿ ಆರು ಬಂತು.

ಮಧ್ಯಾಹ್ನ ಮೂರಕ್ಕೆ ಡಾಕ್ಟರು ಕಾಗದ ಹಿಡಿದುಕೊಂಡು ನಗುತ್ತಲೇ ಬಂದರು. ಅವರು ನಗುವುದು ಅಪರೂಪ. ಹದಿನಾಲ್ಕರಿಂದ ಆರು, ಕೂಸು ಗೆದ್ದಿತು ಎಂದು ಅಕ್ಕನಿಗೆ ಹೇಳಿದರು. ಈಗಲೇ ಆಕ್ಸಿಜನ್ನು ಅರ್ಧಕ್ಕೆ ಇಳಿಸೋಣ, ನಾಳೆ ಒಂಬತ್ತಕ್ಕೆ ಪೂರ್ತಿ ತೆಗೆಯೋಣ, ಎರಡು ದಿನ ನೋಡಿ ಶನಿವಾರ ಮನೆಗೆ. ಅಕ್ಕ ನನ್ನ ಭುಜಕ್ಕೆ ಮುಖವಿಟ್ಟು ಅತ್ತಳು. ಹೆರಿಗೆಯಾದ ಮೇಲೆ ಅವಳು ಸಂತೋಷಕ್ಕೆ ಅತ್ತದ್ದು ಅದೇ ಮೊದಲು. ಧರ್ಮೇಂದ್ರ ಸಿಲಿಂಡರಿನ ತಿರುಪನ್ನು ತಿರುಗಿಸಿದ. ಗುಳುಗುಳು ಸಣ್ಣದಾಯಿತು.

ನನಗೆ ಗೊತ್ತಿತ್ತು. ಎಣ್ಣೆಯೊಳಗೆ ವಿದ್ಯುತ್ತು ಹರಿಯುವುದಿಲ್ಲ ಎಂಬುದು ಬಿ.ಎಸ್ಸಿ. ಓದದವರಿಗೂ ಗೊತ್ತಿರುವ ವಿಷಯ. ಸ್ನಾಯು ಕೂಗುತ್ತಿದೆ, ನಾನು ಅದರ ಬಾಯಿಗೆ ಬಟ್ಟೆ ತುರುಕಿದ್ದೇನೆ. ಹಾಗಂತ ಡೈರಿಯಲ್ಲಿ ಬರೆದೆ. ಬರೆದು ಮುಗಿಸಿ ಉಸಿರು ಎಣಿಸಿದೆ. ಅರವತ್ತನಾಲ್ಕು. ಅರ್ಧ ಗಂಟೆ ಬಿಟ್ಟು ಎಣಿಸಿದೆ. ಅರವತ್ತೊಂಬತ್ತು. ಕೆಂಪು ದೀಪ ತೊಂಬತ್ತೊಂದು ತೋರಿಸುತ್ತಿತ್ತು. ಪರವಾಗಿಲ್ಲ ಎಂದು ನರ್ಸು ಬರೆದುಕೊಂಡಳು.

ನಾಲ್ಕು ಗಂಟೆಗೆ ಆಯಾ ಬೈರಮ್ಮ ಬಟ್ಟೆ ಬದಲಾಯಿಸಲು ಬಂದಳು. ಬಾಬುರಾಯನಕೊಪ್ಪಲಿನಿಂದ ದಿನವೂ ನಡೆದೇ ಬರುವ ಗಟ್ಟಿ ಹೆಂಗಸು. ಕೂಸಿನ ಅಡಿಯ ಬಟ್ಟೆ ತೆಗೆದವಳು ಅದನ್ನು ಮೂಗಿಗೆ ಹಿಡಿದು, ನನ್ನ ಕಡೆ ನೋಡಿ, ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿದಳು.

"ಅರಳೆಣ್ಣೆ ಅಚ್ಚಿದ್ದೀಯ."

ನಾನು ತಲೆಯಾಡಿಸಿದೆ.

"ಎದರ್ಬ್ಯಾಡ ಬುಡು. ನನ್ನ ನಾಕು ಮಕ್ಕಳೂ ಅದ್ರಲ್ಲೇ ಬೆಳೆದವು. ಆದ್ರೆ ಡಾಕ್ಟ್ರಿಗೆ ಮಾತ್ರ ಏಳ್ಬ್ಯಾಡ ಕಣವ್ವ. ಓದ ವರ್ಸ ಒಬ್ಳ ಅತ್ತೆ ಕೂಸಿನ್ ಬಾಯಿಗೆ ಬಜೆ ತೇದು ಇಟ್ಳು ಅಂತ ಅವ್ಳನ್ನ ಗೇಟಿಂದೀಚೆಗೇ ಬುಡ್ನಿಲ್ಲ."

ಬಟ್ಟೆಯನ್ನು ಉಂಡೆ ಮಾಡಿ ಬಕೀಟಿನ ತಳಕ್ಕೆ ತುರುಕಿ ಹೊರಟುಹೋದಳು. ನನ್ನನ್ನು ಕಾಪಾಡಿದೆನೆಂದೇ ಅವಳ ಭಾವನೆ. ಎಣ್ಣೆಗೂ ಆ ಅಂಕಿಗೂ ಇರುವ ನಂಟು ಅವಳಿಗೆ ಗೊತ್ತಿರಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ಶನಿವಾರ ಮನೆಗೆ ಹೋಗುವುದಿಲ್ಲ. ಅಜ್ಜಿಯನ್ನು ಗೇಟಿನ ಒಳಗೆ ಬಿಡುವುದಿಲ್ಲ. ಅಕ್ಕ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ. ಮುಂದಕ್ಕೆ ಯೋಚಿಸಲು ಆಗುತ್ತಿರಲಿಲ್ಲ, ಮಾದಮ್ಮನ ಕೈಯ ಬಿಳಿ ಬಟ್ಟೆ ಅಡ್ಡ ಬರುತ್ತಿತ್ತು.

ಒಂದು ವೇಳೆ ಕೂಸು ನಿಜಕ್ಕೂ ಸುಧಾರಿಸಿರಬಹುದಲ್ಲ ಎಂದೂ ಅನ್ನಿಸಿತು. ಹದಿನಾಲ್ಕು ಇದ್ದದ್ದು ತಾನಾಗಿಯೇ ಹತ್ತಕ್ಕೋ ಎಂಟಕ್ಕೋ ಇಳಿದಿದ್ದು, ಎಣ್ಣೆಯಿಂದ ಇನ್ನೂ ಸ್ವಲ್ಪ ಇಳಿದಿರಬಹುದು. ಆ ಆಸೆಯನ್ನು ಹಿಡಿದುಕೊಂಡು ಮತ್ತೆ ಎಣಿಸಿದೆ. ಎಪ್ಪತ್ತೆರಡು. ಉಸಿರು ಎಳೆದಾಗಲೆಲ್ಲ ಮೂಗಿನ ಹೊಳ್ಳೆ ಅರಳುತ್ತಿತ್ತು. ಪಕ್ಕೆಲುಬಿನ ಕೆಳಗೆ ಬೆರಳು ಇಡುವಷ್ಟು ಹಳ್ಳ ಬೀಳುತ್ತಿತ್ತು.

ಬೆಳಗಾಗುವವರೆಗೆ ಡೈರಿಯಲ್ಲಿ ಒಂದು ಪುಟ ತುಂಬಿತು. ಎಡಗಡೆ ಗಂಟೆ, ಬಲಗಡೆ ಉಸಿರು. ಕೆಳಗೆ ನಾಲ್ಕು ಸಾಲು ಬರೆದೆ: ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೂಸಿನ ಎರಡೂ ಪಕ್ಕೆಗೆ, ಎದೆಗೆ ಹರಳೆಣ್ಣೆ ಹಚ್ಚಿದ್ದೇನೆ. ಸ್ಟಿಕ್ಕರು ಜಾರುತ್ತಿತ್ತು. ಅಂಕಿ ಸುಳ್ಳಿರಬಹುದು. ದಯವಿಟ್ಟು ಆಕ್ಸಿಜನ್ ತೆಗೆಯಬೇಡಿ. ಓದಿ ನೋಡಿದೆ. ತಪ್ಪಿಲ್ಲ. ಬಾಯಿ ತೆರೆಯದೆಯೇ ಕೆಲಸವಾಗುತ್ತದೆ ಎಂದು ಸ್ವಲ್ಪ ಧೈರ್ಯ ಬಂತು.

ಬುಧವಾರ ಎಂಟೂವರೆಗೆಲ್ಲ ಭಾವ, ಅಜ್ಜಿ ಇಬ್ಬರೂ ಬಂದರು. ಭಾವ ರವೀಂದ್ರ ಅವರೂರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗಿನ ಹಾಲು ಅಳೆಸಿ, ಬೀಗ ಹಾಕಿ, ಹಾಗೇ ಬಂದಿದ್ದರು. ಅಜ್ಜಿ ರಾತ್ರಿಯೆಲ್ಲ ಕೂತು ಹಳದಿ ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿದಿದ್ದಳು. ಕಿತ್ತಳೆಹಣ್ಣಿನ ಮೇಲೆ ಹಾಕಿ ಅಳತೆ ನೋಡಿದಳಂತೆ, ಹಣ್ಣಿಗೇ ಅಂದವಾಗಿ ಕಾಣುತ್ತಿತ್ತಂತೆ. ಭಾವ ಇದನ್ನು ಹೇಳಿ ನಗಿಸುತ್ತಿದ್ದರು. ನನ್ನ ಕೈಯ ಡೈರಿ ನೋಡಿ, "ಏನವ್ವ, ನಮ್ಮ ಡೈರಿಗಿಂತ ನಿನ್ನ ಡೈರೀಲೇ ಲೆಕ್ಕ ಜಾಸ್ತಿ ಇದ್ದಂಗದೆ" ಎಂದರು. ಅಕ್ಕ ತಲೆ ಬಾಚಿಕೊಂಡು, ಎರಡೂವರೆ ತಿಂಗಳಲ್ಲಿ ಮೊದಲ ಸಲ ಹೂವು ಮುಡಿದಿದ್ದಳು. ಅವಳು ಒಳಗೆ ಬಂದು ತೊಟ್ಟಿಲಿನ ತಲೆಗಡೆ ನಿಂತಳು. ಭಾವ, ಅಜ್ಜಿ ಗಾಜಿನ ಆಚೆ.

ಒಂಬತ್ತಕ್ಕೆ ಡಾಕ್ಟರು ಬಂದರು. ಹಿಂದೆ ಧರ್ಮೇಂದ್ರ. ನಾನು ಡೈರಿಯ ಆ ಪುಟ ತೆರೆದು ಅವರ ಮುಂದೆ ಹಿಡಿದೆ. ಅವರು ಕಣ್ಣು ಕಿರಿದು ಮಾಡಿ ಒಂದು ಕ್ಷಣ ನೋಡಿ, ಜೇಬು ತಡವಿಕೊಂಡು, ಕನ್ನಡಕ ರೂಮಿನಲ್ಲೇ ಉಳಿಯಿತು, ಆಮೇಲೆ ಓದುತ್ತೇನೆ ಎಂದು ಡೈರಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. ಧರ್ಮೇಂದ್ರನಿಗೆ ತಲೆಯಾಡಿಸಿದರು.

ಅವನು ತಿರುಪು ತಿರುಗಿಸಿದ.

ನೀರಿನ ಬಾಟಲಿಯಲ್ಲಿ ಒಂದು ಗುಳ್ಳೆ ಬಂತು. ಇನ್ನೊಂದು. ಆಮೇಲೆ ನಿಂತಿತು. ಅಷ್ಟು ದಿನ ಹಗಲಿರುಳು ಕೇಳುತ್ತಿದ್ದ ಆ ಸದ್ದು ನಿಂತಾಗ ಕೋಣೆಯಲ್ಲಿ ಬೇರೆ ಯಾವ ಸದ್ದೂ ಇಲ್ಲವೆಂಬುದು ತಿಳಿಯಿತು. ಧರ್ಮೇಂದ್ರ ಕೂಸಿನ ಕೆನ್ನೆಯ ಟೇಪು ಬಿಡಿಸಲು ಬಾಗಿದ.

"ಎಣ್ಣೆ ಹಚ್ಚಿದ್ದೆ."

ಯಾರಿಗೂ ಕೇಳಿಸಲಿಲ್ಲ. ನನಗೇ ಕೇಳಿಸಿತೋ ಇಲ್ಲವೋ. ಟೇಪಿನ ಒಂದು ತುದಿ ಬಿಟ್ಟುಕೊಂಡಿತು.

"ಸಾರ್, ನಾನು ಎಣ್ಣೆ ಹಚ್ಚಿದ್ದೆ. ನಿನ್ನೆ ಬೆಳಿಗ್ಗೆ. ಅಳೆಯೋದಕ್ಕೆ ಮುಂಚೆ."

ಡಾಕ್ಟರು ತಿರುಗಿದರು. "ಎಲ್ಲಿಗೆ?"

ನನ್ನ ಎರಡು ಕೈಗಳನ್ನು ನನ್ನದೇ ಪಕ್ಕೆಗಳ ಮೇಲೆ ಇಟ್ಟು ತೋರಿಸಿದೆ. ಅವರು ಧರ್ಮೇಂದ್ರನನ್ನು ಸರಿಸಿ, ತಾವೇ ತಿರುಪು ಹಿಡಿದು ತಿರುಗಿಸಿದರು. ಗುಳುಗುಳು ಶುರುವಾಯಿತು.

ಸ್ಟಿಕ್ಕರು ಜಾರಿದ್ದು ತನಗೂ ಗೊತ್ತಿತ್ತು, ಮಾಲು ಸರಿಯಿಲ್ಲ ಅಂದುಕೊಂಡೆ ಎಂದು ಧರ್ಮೇಂದ್ರ ತಾನಾಗಿಯೇ ಒಪ್ಪಿಕೊಂಡ. ಡಾಕ್ಟರು ಅವನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಯಾರು ಹೇಳಿಕೊಟ್ಟದ್ದು ಎಂದು ಮಾತ್ರ ಕೇಳಿದರು.

"ನಾನೇ," ಎಂದೆ.

ಗಾಜಿನ ಆಚೆಗೆ ಮಾತು ಕೇಳಿಸುವುದಿಲ್ಲ. ಆದರೆ ನಾನು ಪಕ್ಕೆ ಮುಟ್ಟಿಕೊಂಡದ್ದನ್ನು ಅಜ್ಜಿ ನೋಡಿದ್ದಳು. ಚಪ್ಪಲಿ ಬಿಟ್ಟು, ಬಾಗಿಲು ತಳ್ಳಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಬಂದುಬಿಟ್ಟಳು. ಕೈಯಲ್ಲಿ ಹಳದಿ ಕುಲಾವಿ ಹಾಗೇ ಇತ್ತು.

"ಕೊಟ್ಟೋಳು ನಾನು ಕಣಪ್ಪ. ಮಗ ಎದರ್ಕತು, ನಾನೇ ಬಲವಂತ ಮಾಡ್ದೆ. ಅದೇನ್ ಏಳ್ಬೇಕೋ ನಂಗೇಳು."

ಡಾಕ್ಟರು ಅವಳನ್ನು ನೋಡಿದರು. ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಅವರು ಬೇರೆಯೇ ಒಂದು ಪ್ರಶ್ನೆ ಕೇಳಿದರು. ಈ ಚರ್ಮಕ್ಕೆ ಸ್ಪಿರಿಟ್ ಆಗುವುದಿಲ್ಲ, ಸೋಪಿಗೂ ಕೆಂಪಾಗುತ್ತದೆ, ನೀರಿಗೆ ಹರಳೆಣ್ಣೆ ಹೋಗುವುದಿಲ್ಲ. ಚರ್ಮ ಉಜ್ಜದೆ ಎಣ್ಣೆ ತೆಗೆಯುವುದು ಹೇಗೆ?

ಅಜ್ಜಿ ಇದನ್ನು ನಲವತ್ತು ವರ್ಷದಿಂದ ಮಾಡಿಕೊಂಡು ಬಂದವಳು. ಕಡಲೆಹಿಟ್ಟು, ನುಣ್ಣಗೆ ಜರಡಿ ಹಿಡಿದದ್ದು, ಬೆಚ್ಚನೆಯ ನೀರಿನಲ್ಲಿ ಗಂಜಿಯಂತೆ ಕಲಸಿ ಸವರಿ, ಎರಡು ನಿಮಿಷ ಬಿಟ್ಟು ಒದ್ದೆ ಅರಿವೆಯಲ್ಲಿ ಒತ್ತಿ ತೆಗೆಯಬೇಕು ಎಂದಳು. ಬೈರಮ್ಮ ಎದುರಿನ ಹೋಟೆಲಿಗೆ ಓಡಿ ಬೋಂಡಕ್ಕೆ ಇಟ್ಟಿದ್ದ ಹಿಟ್ಟು ತಂದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಡಾಕ್ಟರು ಹಿಟ್ಟನ್ನು ತಮ್ಮ ಬೆರಳ ನಡುವೆ ತೀಡಿ ನೋಡಿ, ಅಜ್ಜಿಗೆ ಮೊಣಕೈವರೆಗೂ ಕೈ ತೊಳೆದುಕೊಳ್ಳಲು ಹೇಳಿದರು.

ಹೀಗೆ ಅಜ್ಜಿಯ ಕೈ ಕೂಸಿಗೆ ಮೊದಲ ಸಲ ತಾಗಿತು. ಕಾಲು ನೀಡಿ ಕೂರುವಂತಿರಲಿಲ್ಲ, ಬಿಸಿನೀರು ಹುಯ್ಯುವಂತಿರಲಿಲ್ಲ. ತೊಟ್ಟಿಲಿನ ಮೇಲೆ ಬಾಗಿ, ಒಂದೇ ಬೆರಳಿನ ತುದಿಯಿಂದ ಹಿಟ್ಟು ಸವರಿದಳು. ಬಲಪಕ್ಕೆಯ ಕೆಳಗೆ ಬಂದಾಗ ಬೆರಳು ನಿಂತಿತು. ಕೂಸು ಉಸಿರೆಳೆದಂತೆ ಅವಳ ಬೆರಳ ತುದಿ ಪಕ್ಕೆಯ ಹಳ್ಳದೊಳಕ್ಕೆ ಇಳಿಯುತ್ತಿತ್ತು, ಮೇಲೇಳುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಗಾಜಿನ ಆಚೆಯಿಂದ ಕಂಡದ್ದಕ್ಕೂ ಬೆರಳಿಗೆ ತಿಳಿದದ್ದಕ್ಕೂ ಅಂತರವಿತ್ತೆಂದು ಕಾಣುತ್ತದೆ.

ಹತ್ತೂವರೆಗೆ ಮತ್ತೆ ಅಳೆದರು. ಸ್ಟಿಕ್ಕರು ಒಂದೇ ಸಲಕ್ಕೆ ಕೂತಿತು. ಗೆರೆ ಎದ್ದ ರಭಸಕ್ಕೆ ಧರ್ಮೇಂದ್ರ ಪರದೆಯ ಅಳತೆಯನ್ನೇ ಬದಲಾಯಿಸಬೇಕಾಯಿತು. ಈ ಸಲ ಅಕ್ಕ ಹೊರಗೆ ಹೋಗಲಿಲ್ಲ. ಹತ್ತು ನಿಮಿಷವೂ ನಿಂತು ನೋಡಿದಳು. ಮೂಲೆಯಲ್ಲಿ ಹತ್ತೊಂಬತ್ತು ಬಂತು.

ಹೋದ ವಾರಕ್ಕಿಂತ ಹೆಚ್ಚು. ಒಂದು ರಾತ್ರಿ ಅರ್ಧ ಆಕ್ಸಿಜನ್ನಿನಲ್ಲಿ ದುಡಿದು ಕೂಸು ದಣಿದಿದೆ ಎಂದರು ಡಾಕ್ಟರು. ಇವತ್ತು ಪೂರ್ತಿ ತೆಗೆದಿದ್ದರೆ, ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ತಿರುಪನ್ನು ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಮಾಡಿದರು. ಶನಿವಾರದ ಮಾತು ಬಿಡಿ, ಇನ್ನು ಆರು ವಾರವೋ ಎಂಟು ವಾರವೋ ಹೇಳಲಾಗುವುದಿಲ್ಲ. ಈ ಮೂರು ದಿನ ಕಳೆಯಲಿ, ಈ ಮೂರು ದಿನದ ಬಗ್ಗೆ ನನಗೆ ಭಯವಿದೆ ಎಂದು ಭಾವನಿಗೆ ನೇರವಾಗಿಯೇ ಹೇಳಿದರು. ಆಮೇಲೆ ನನ್ನಿಂದ ಡೈರಿ ಇಸಿದುಕೊಂಡು, ಕನ್ನಡಕ ತರಿಸಿ, ನಿಂತುಕೊಂಡೇ ಆ ಪುಟ ಓದಿದರು. ಕೆಳಗಿನ ನಾಲ್ಕು ಸಾಲಿಗಿಂತ ಮೇಲಿನ ಅಂಕಿಗಳನ್ನೇ ಹೆಚ್ಚು ಹೊತ್ತು ನೋಡಿ, ಇದನ್ನು ನಿಲ್ಲಿಸಬೇಡ ಎಂದರು.

ಅಕ್ಕ ಮುಡಿಯ ಹೂವು ತೆಗೆದು ಕಿಟಕಿಯ ಮೇಲಿಟ್ಟಳು. ಮಧ್ಯಾಹ್ನದ ಹಾಲು ಕುಡಿಸುವಾಗ ಒಳಲೆ ಹಿಡಿದಿದ್ದ ಅವಳ ಕೈಯನ್ನೇ ನೋಡುತ್ತ ನಿಂತಿದ್ದೆ. ತಲೆ ಎತ್ತದೆಯೇ ಕೇಳಿದಳು.

"ನಿನ್ನೆ ಹತ್ತು ಗಂಟೆಗೇ ಯಾಕೆ ಹೇಳ್ಲಿಲ್ಲ ರಂಜಿ?"

ಕಪ್ಪೆಯ ಹೃದಯದ ಹಾಗೆ ಬೆರಳಿನಲ್ಲಿ ತೋರಿಸಿ ಮುಗಿಸುವ ಪ್ರಶ್ನೆಯಲ್ಲ ಅದು. ಒಳಲೆ ತೊಳೆದುಕೊಂಡು ಬಂದು ಇಟ್ಟೆ.

ನಾಲ್ಕು ಗಂಟೆಯ ಬಸ್ಸಿಗೆ ಅಜ್ಜಿಯನ್ನು ಹತ್ತಿಸಲು ಹೋದೆ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ಸೀಸೆಯಲ್ಲಿ ಎಣ್ಣೆ ಇನ್ನೂ ಮುಕ್ಕಾಲು ಇತ್ತು. ತಿರುಗಿ ಕೊಡಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. ಕುಲಾವಿಯನ್ನೂ ನನ್ನ ಚೀಲಕ್ಕೇ ಹಾಕಿದಳು. ಬಹಳ ಹೊತ್ತು ತನ್ನ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

"ಎಷ್ಟಂದ್ರು ಅದು?"

"ಹತ್ತೊಂಬತ್ತು, ಅಜ್ಜಿ."

"ಎಷ್ಟಾಗ್ಬೇಕು?"

ಐದಕ್ಕಿಂತ ಕೆಳಗೆ ಎಂದೆ. ಅಜ್ಜಿ ಬೆರಳು ಮಡಿಸಿ ಎಣಿಸಿದಳು, ಮತ್ತೆ ಎಣಿಸಿದಳು. ಕೆ.ಆರ್. ಪೇಟೆ ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ಕಂಬಿ ಹಿಡಿದು ತಿರುಗಿದಳು.

"ಮಂಗಳವಾರ ಬತ್ತೀನಿ. ಒಳಿಕ್ಕೆ ಬುಡ್ನಿಲ್ಲ ಅಂದ್ರೂ ಬತ್ತೀನಿ. ನೀನು ಓಗು, ಇಲ್ಯಾಕ್ ನಿಂತಿದ್ದೀಯ, ಅಲ್ಲಿ ಎಣಿಸೋರ್ ಯಾರು?"

ಆ ಮಾತು ಕೇಳಿದ ಮೇಲೆ ಬಸ್ಸು ಹೊರಡುವವರೆಗೂ ಕಾಯಲು ಆಗಲಿಲ್ಲ. ನಾನು ಎದ್ದು ಬಂದು ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತು ಯಾರೂ ಎಣಿಸಿರಲಿಲ್ಲ. ಮೊದಲು ಬೇಗ ಬೇಗ ನಡೆದೆ, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ರಸ್ತೆಯಲ್ಲಿ ಜನ ನೋಡುತ್ತಿದ್ದರು. ಚೀಲದಲ್ಲಿ ಸೀಸೆ ಯಾವುದಕ್ಕೋ ತಾಗಿ ಟಕಟಕ ಎನ್ನುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ನಾಗಮಂಗಲದ ಕೂಸು ಹೋದ ದಿನವೂ ಕಾರಿಡಾರು ಹೀಗೇ ಖಾಲಿಯಿತ್ತು.

ಗಾಜಿನೊಳಗೆ ನೋಡುವ ಧೈರ್ಯ ಬರಲಿಲ್ಲ. ಬಾಗಿಲಿನ ಮುಂದೆ ನಿಂತು, ನನ್ನ ಏದುಸಿರನ್ನು ಬಿಗಿಹಿಡಿದು, ಮರಕ್ಕೆ ಕಿವಿಯಿಟ್ಟು ಕೇಳಿಸಿಕೊಂಡೆ. ಏನೂ ಕೇಳಿಸಲಿಲ್ಲ. ಇನ್ನಷ್ಟು ಒತ್ತಿ ಕೇಳಿಸಿಕೊಂಡೆ.

ಗುಳುಗುಳು.

ಬಾಗಿಲು ತಳ್ಳಿ ಒಳಗೆ ಹೋದೆ. ಅಕ್ಕ ತೊಟ್ಟಿಲಿನ ಪಕ್ಕ ಕೂತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಒಂದು ಕೈ ಎತ್ತಿ ಮಾತಾಡಬೇಡ ಎಂದು ಸನ್ನೆ ಮಾಡಿದಳು. ಮುಳ್ಳು ಒಂದು ಸುತ್ತು ಮುಗಿಸಿದ ಮೇಲೆ ಅರವತ್ತಾರು ಎಂದು ಮೆಲ್ಲಗೆ ಹೇಳಿದಳು. ನಾನು ಡೈರಿ ತೆರೆದು ಗಂಟೆ ಹಾಕಿ ಬರೆದುಕೊಂಡೆ.